ಸೂರು ಹೋದ ಮನೆ: ಬುಜ್ಲುಜಾ ನೋಡಿ ಬಂದ ಕಥೆ

ಭಾನುವಾರ, ಸೋಫಿಯಾ

ಬಲ್ಗೇರಿಯಾಕ್ಕೆ ಹೊರಟಿದ್ದು ಮುಖ್ಯವಾಗಿ ಒಂದು ಕಟ್ಟಡ ನೋಡುವುದಕ್ಕೆ. ಬಾಲ್ಕನ್ ಬೆಟ್ಟಸಾಲಿನ ನಡುವೆ, 1,432 ಮೀಟರ್ ಎತ್ತರದ ಶಿಖರದ ಮೇಲೆ, ದೊಡ್ಡ ತಟ್ಟೆಯ ಆಕಾರದ ಒಂದು ಕಾಂಕ್ರೀಟ್ ಕಟ್ಟಡ ಇದೆ. ಹೆಸರು ಬುಜ್ಲುಜಾ. ಅಲ್ಲಿನ ಕಮ್ಯುನಿಸ್ಟ್ ಪಕ್ಷ ತನ್ನ ಸ್ಮಾರಕ ಭವನ ಅಂತ ಕಟ್ಟಿಸಿ 1981ರಲ್ಲಿ ಬಾಗಿಲು ತೆರೆಯಿತು. 1989ರಲ್ಲಿ ಆ ಆಡಳಿತವೇ ಹೋಯಿತು. ಸ್ವಲ್ಪ ದಿನಕ್ಕೆ ಭವನಕ್ಕೂ ಬೀಗ ಬಿತ್ತು. ಅಲ್ಲಿಂದ ಇಲ್ಲಿವರೆಗೆ ಮಳೆ, ಹಿಮ, ಗಾಳಿಗೆ ಮೈಯೊಡ್ಡಿ ನಿಂತಿದೆ.

ನಾನು ಸಿವಿಲ್ ಎಂಜಿನಿಯರ್. ಬೆಂಗಳೂರಿನಲ್ಲಿ ಹಳೇ ಕಾಂಕ್ರೀಟ್ ಕಟ್ಟಡಗಳ ರಿಪೇರಿ ನನ್ನ ಕೆಲಸ. ಸೋರುವ ತಾರಸಿ, ತುಕ್ಕು ಹಿಡಿದ ಕಂಬಿ, ಚಕ್ಕೆ ಚಕ್ಕೆಯಾಗಿ ಉದುರುವ ಗಾರೆ, ದಿನಾ ಕಾಣುವುದು ಇವೇ. ಬುಜ್ಲುಜಾದ ಫೋಟೋ ಮೊದಲ ಸಲ ನೋಡಿದಾಗ ನನ್ನ ಕಣ್ಣು ನೇರ ಹೋಗಿದ್ದು ಅದರ ಸೂರಿಗೆ. ಮೇಲೆ ಹೊದಿಕೆ ಹರಿದುಹೋಗಿ ಉಕ್ಕಿನ ಎಲುಬು ಕಾಣುತ್ತಿತ್ತು. ಅದರ ಕೆಳಗೆ ಗೋಡೆ ತುಂಬಾ ಮೊಸಾಯಿಕ್, ಅಂದರೆ ಬಣ್ಣದ ಗಾಜಿನ ಚೂರು ಜೋಡಿಸಿ ಮಾಡಿದ ಚಿತ್ರ, ನೆಲದ ಮೇಲೆ ಹಿಮ. ಇಷ್ಟು ಚೆನ್ನಾಗಿರೋದನ್ನು ಹೀಗೆ ನೀರಿಗೆ ಬಿಟ್ಟರಲ್ಲ ಅನ್ನುವ ಸಂಕಟ ಆವತ್ತಿನಿಂದಲೂ ನನ್ನನ್ನು ಬಿಟ್ಟಿಲ್ಲ.

ಅಕ್ಕ ಜರ್ಮನಿಯಲ್ಲಿದ್ದಾಳೆ. ಅವಳು ಅಲ್ಲಿಂದ ಬಂದಳು, ನಾನು ಇಲ್ಲಿಂದ. ಸೋಫಿಯಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿ, ಬ್ಯಾಗು ಹೋಟೆಲಿಗೆ ಹಾಕಿ, ಒಂದೊಂದು ಬಿಸಿ ಬಾನಿತ್ಸಾ ತಿಂದೆವು. ತೆಳು ಹಿಟ್ಟಿನ ಪದರದೊಳಗೆ ಚೀಸು, ಮೊಟ್ಟೆ ಸೇರಿಸಿ ಬೇಯಿಸುವ ತಿಂಡಿ. ಆಮೇಲೆ ಊರು ಸುತ್ತಲು ಹೊರಟೆವು.

ಮೊದಲು ಹೋಗಿದ್ದು ಎನ್‌ಡಿಕೆಗೆ. ರಾಷ್ಟ್ರೀಯ ಸಂಸ್ಕೃತಿ ಭವನವನ್ನು ಊರವರು ಕರೆಯುವುದು ಹಾಗೆ. ಬೆಟ್ಟಕ್ಕೆ ಹೋಗುವ ಮೊದಲು ಇದನ್ನು ನೋಡಲೇಬೇಕು ಅಂತ ನಾನು ಹಟ ಹಿಡಿದಿದ್ದೆ. ಇದೂ 1981ರಲ್ಲೇ ತೆರೆದದ್ದು. ಬಲ್ಗೇರಿಯಾ ರಾಜ್ಯ ಹುಟ್ಟಿದ್ದು 681ರಲ್ಲಿ ಅನ್ನುವ ಲೆಕ್ಕ, ಹಾಗಾಗಿ 1981ರಲ್ಲಿ ದೇಶಕ್ಕೆಲ್ಲ 1,300 ವರ್ಷದ ಸಂಭ್ರಮ. ಆ ವರ್ಷಕ್ಕೆ ಅಂತ ದೊಡ್ಡ ದೊಡ್ಡ ಕಟ್ಟಡಗಳು ಎದ್ದವು. ಎನ್‌ಡಿಕೆ ಇವತ್ತಿಗೂ ಜೀವಂತ. ಸಂಗೀತ, ಸಿನಿಮಾ ಉತ್ಸವ, ಸಮ್ಮೇಳನ ಏನಾದರೊಂದು ನಡೀತಾನೇ ಇರುತ್ತದೆ. ನಾವು ಹೋದಾಗ ಮುಂದಿನ ಕಾರಂಜಿಗಳ ಸುತ್ತ ಮಕ್ಕಳು ಓಡಾಡುತ್ತಿದ್ದರು. ಬುಜ್ಲುಜಾ ತೆರೆದ ವರ್ಷವೇ ಇದೂ ತೆರೆದಿತ್ತು. ಅದೇ ಸರ್ಕಾರ, ಅದೇ ಹುರುಪು. ಇದಕ್ಕೆ ಬಳಸುವ ಜನ ಸಿಕ್ಕರು, ಅದಕ್ಕೆ ಸಿಗಲಿಲ್ಲ.

ಎನ್‌ಡಿಕೆಗೆ ಮೊದಲು ಇದ್ದ ಹೆಸರು ಲ್ಯುದ್ಮಿಲಾ ಜಿವ್ಕೊವಾ ಅವರದ್ದು. ದೇಶದ ನಾಯಕ ತೊದೊರ್ ಜಿವ್ಕೊವ್ ಅವರ ಮಗಳು, ಸಂಸ್ಕೃತಿ ಇಲಾಖೆ ಅವರ ಕೈಯಲ್ಲಿತ್ತು. ಕಮ್ಯುನಿಸ್ಟ್ ನಾಯಕನ ಮಗಳಾದರೂ ಭಾರತದ ಅಧ್ಯಾತ್ಮದ ಕಡೆ ತುಂಬಾ ಒಲವು. ಇಲ್ಲಿ ನಮ್ಮೂರಿನ ಎಳೆಯೊಂದು ಇದೆ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿ ಜೊತೆ ಇದ್ದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರಿಗೂ ಈಕೆಗೂ ಒಳ್ಳೆಯ ಸ್ನೇಹ. 1978ರಲ್ಲಿ ಅವರ ತಂದೆ ನಿಕೊಲಾಯ್ ರೋರಿಕ್ ಹೆಸರಿನಲ್ಲಿ ಬಲ್ಗೇರಿಯಾ ದೊಡ್ಡ ಕಾರ್ಯಕ್ರಮಗಳನ್ನೇ ಮಾಡಿತು. 1981ರ ಜುಲೈನಲ್ಲಿ, ಇನ್ನೂ 39 ತುಂಬುವ ಮೊದಲೇ, ಲ್ಯುದ್ಮಿಲಾ ತೀರಿಕೊಂಡರು. ಬುಜ್ಲುಜಾ ಉದ್ಘಾಟನೆ ಆಗಿದ್ದು ಅದಾಗಿ ಬರೀ ಒಂದು ತಿಂಗಳಿಗೆ. ಮಗಳನ್ನು ಕಳೆದುಕೊಂಡ ಅಪ್ಪನೇ ಹೋಗಿ ಬಾಗಿಲು ತೆರೆದದ್ದು. ಈ ಸಂಗತಿ ಗೊತ್ತಾದ ಮೇಲೆ ಆ ದಿನದ ಫೋಟೋಗಳನ್ನು ನಾನು ಬೇರೆ ಥರ ನೋಡುತ್ತೇನೆ.

ಎನ್‌ಡಿಕೆ ಎದುರಿಗೇ 1,300 ವರ್ಷದ ನೆನಪಿಗೆ ಒಂದು ದೊಡ್ಡ ಸ್ಮಾರಕ ಇತ್ತು. ಶಿಲ್ಪಿ ವಲೆಂತಿನ್ ಸ್ತಾರ್ಚೆವ್ ಮಾಡಿದ್ದು. ಅದರ ಹೊದಿಕೆ ಉದುರತೊಡಗಿದಾಗ ಸುತ್ತ ಬೇಲಿ ಹಾಕಿದರು. ವರ್ಷಗಟ್ಟಲೆ ಬೇಲಿಯೊಳಗೇ ಬಿಟ್ಟರು. ಕೊನೆಗೆ 2017ರಲ್ಲಿ ಕೆಡವಿದರು.

ಊರ ನಡುವೆ ಗೆಯೋರ್ಗಿ ದಿಮಿತ್ರೊವ್ ಅವರ ಸಮಾಧಿ ಭವನ ಇದ್ದ ಜಾಗವೂ ಈಗ ಖಾಲಿ. ದೇಶದ ಮೊದಲ ಕಮ್ಯುನಿಸ್ಟ್ ನಾಯಕ ಅವರು. 1949ರಲ್ಲಿ ಅವರು ತೀರಿಕೊಂಡಾಗ 6 ದಿನದಲ್ಲಿ ಕಟ್ಟಿ ಮುಗಿಸಿದ ಭವನ ಅದು. 1999ರ ಆಗಸ್ಟಿನಲ್ಲಿ ಸಿಡಿಮದ್ದು ಇಟ್ಟರೆ ಮೊದಲ ಸ್ಫೋಟಕ್ಕೆ ಸುಮ್ನೆ ವಾಲಿಕೊಂಡಿತಂತೆ, ಬೀಳಲಿಲ್ಲ. ಮತ್ತೆ ಮತ್ತೆ ಸಿಡಿಸಬೇಕಾಯಿತು. ಅವಸರದಲ್ಲಿ ಕಟ್ಟಿದರೂ ಕಟ್ಟಿದವರು ಕೆಲಸ ಗಟ್ಟಿಯಾಗಿಯೇ ಮಾಡಿದ್ದರು.

ಸಂಜೆ ಸಮಾಜವಾದಿ ಕಲೆಯ ಮ್ಯೂಸಿಯಂ. ಪಕ್ಷದ ಕೇಂದ್ರ ಕಚೇರಿಯ ಗೋಪುರದ ಮೇಲಿದ್ದ ಕೆಂಪು ನಕ್ಷತ್ರವನ್ನು ಇಳಿಸಿ ಇಲ್ಲಿ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಸುತ್ತ ಲೆನಿನ್, ದಿಮಿತ್ರೊವ್, ರೈತ ಹೆಂಗಸರು, ಕಾರ್ಮಿಕರು. ಎಲ್ಲ ಹುಲ್ಲಿನ ಮೇಲೆ ಸಾಲಾಗಿ ನಿಂತಿವೆ. ಅಕ್ಕ ಕೇಳಿದಳು, "ಇವನ್ನೆಲ್ಲ ಹೀಗೆ ಒಂದು ಕಡೆ ತಂದಿಡಬಹುದು. ನಿನ್ನ ಆ ಬೆಟ್ಟದ ಮೇಲಿನದ್ದನ್ನ ಎಲ್ಲಿಗೆ ತರ್ತಾರೆ?"

ತರೋಕಾಗಲ್ಲ. ಅದಕ್ಕೇ ನಾವೇ ಅಲ್ಲಿಗೆ ಹೊರಟಿದ್ದೆವು.

ಸೋಮವಾರ, ಕಜಾನ್‌ಲಕ್

ಬೆಳಿಗ್ಗೆ ರೈಲು. ಬಾಲ್ಕನ್ ಬೆಟ್ಟದ ತಪ್ಪಲಿನಲ್ಲೇ ಪೂರ್ವಕ್ಕೆ ಸಾಗುವ ಹಳಿ. ವೇಗ ಕಡಿಮೆ, ಕಿಟಕಿ ಗಾಜು ಮಸುಕು, ಆದರೂ ನೋಟ ಚೆಂದ. ಎಡಕ್ಕೆ ಬೆಟ್ಟ ಗೋಡೆಯಂತೆ ಬಂದರೆ ಬಲಕ್ಕೆ ಬಯಲು. ಕಾರ್ಲೊವೊ ದಾಟಿದ ಮೇಲೆ ಗುಲಾಬಿ ಕಣಿವೆ. ನಾವು ಹೋಗಿದ್ದು ಸೆಪ್ಟೆಂಬರಿನಲ್ಲಿ. ಹೂವು ಕೊಯ್ಯುವುದು ಮೇ, ಜೂನ್‌ನಲ್ಲಿ, ಹಾಗಾಗಿ ಹೊಲದಲ್ಲಿ ಬರೀ ಗಿಡ. ಅಂಗಡಿಯಲ್ಲಿ ಗುಲಾಬಿ ಜಾಮ್ ಸಿಕ್ಕಿತು. ಬಾಯಿಗೆ ಹಾಕಿದರೆ ನಮ್ಮ ಗುಲ್ಕಂದೇ, ಸ್ವಲ್ಪ ತೆಳು ಅಷ್ಟೇ.

ಕಜಾನ್‌ಲಕ್ ಹತ್ತಿರ ಕೊಪ್ರಿಂಕಾ ಜಲಾಶಯ ಇದೆ. ಅದರ ನೀರಿನ ಕೆಳಗೆ ಒಂದು ಊರಿದೆ. ಈ ಭಾಗದ ಪ್ರಾಚೀನ ನಾಡಾಗಿದ್ದ ಥ್ರೇಸಿನ ರಾಜ ಮೂರನೇ ಸೆವ್ತೆಸ್ ಕ್ರಿಸ್ತಪೂರ್ವ 4ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಸೆವ್ತೊಪೊಲಿಸ್. 1948ರಲ್ಲಿ ಅಣೆಕಟ್ಟಿನ ಕೆಲಸ ನಡೆಯುವಾಗಲೇ ಅದು ಬೆಳಕಿಗೆ ಬಂತು. ಕೆಲವು ವರ್ಷ ಉತ್ಖನನ ಮಾಡಿದರು, ದಾಖಲೆ ಮಾಡಿಕೊಂಡರು, ಆಮೇಲೆ ನೀರು ಬಿಟ್ಟರು. ಅಣೆಕಟ್ಟು ನಿಲ್ಲಲಿಲ್ಲ. ಝೆಕೊ ತಿಲೆವ್ ಅನ್ನುವ ವಾಸ್ತುಶಿಲ್ಪಿ ಜಲಾಶಯದ ನಡುವೆಯೇ ಸುತ್ತಲೂ ಗೋಡೆ ಎಬ್ಬಿಸಿ, ಒಳಗಿನ ನೀರು ತೆಗೆದು ಊರನ್ನು ಮತ್ತೆ ಕಾಣಿಸುವ ಯೋಜನೆ ಮಾಡಿದ್ದಾರೆ. ದಂಡೆಯಲ್ಲಿ ನಿಂತರೆ ಕಾಣುವುದು ನೀರು ಮಾತ್ರ.

ಊರೊಳಗಿನ ಥ್ರೇಸಿಯನ್ ಗೋರಿಯ ಕಥೆ ಇದಕ್ಕೆ ಪೂರ್ತಿ ಉಲ್ಟಾ. 1944ರಲ್ಲಿ ಸೈನಿಕರು ಅಗೆಯುವಾಗ ಸಿಕ್ಕಿದ್ದು. ಒಳಗೆ ಗುಮ್ಮಟದ ಸುತ್ತ ಚಿತ್ರ: ಕುದುರೆಗಳು, ರಥ, ಕೈ ಹಿಡಿದು ಕೂತ ಗಂಡ ಹೆಂಡತಿ. 1979ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಜನರ ಉಸಿರಿನ ತೇವ ತಾಕಿದರೂ ಬಣ್ಣ ಹಾಳಾಗುತ್ತದೆ ಅಂತ ಮೂಲ ಗೋರಿಯನ್ನು ಮುಚ್ಚಿಟ್ಟು, ಪಕ್ಕದಲ್ಲೇ ಅದರದ್ದೇ ನಕಲು ಕಟ್ಟಿ ಅದನ್ನು ತೋರಿಸುತ್ತಾರೆ. ಎಷ್ಟು ಜೋಪಾನ! ಅಲ್ಲಿಂದ ಹೊರಗೆ ಬಂದು ಉತ್ತರಕ್ಕೆ ತಿರುಗಿದರೆ, ಬೆಟ್ಟದ ಸಾಲಿನ ಮೇಲೆ ಸಣ್ಣದೊಂದು ಬೂದು ಚುಕ್ಕೆ, ಪಕ್ಕದಲ್ಲಿ ಒಂದು ಕಡ್ಡಿ. ಅದೇ ಬುಜ್ಲುಜಾ. ಒಂದೇ ಕಣಿವೆಯಲ್ಲಿ ಒಂದು ಚಿತ್ರಕ್ಕೆ ಉಸಿರೂ ತಾಕಬಾರದು, ಇನ್ನೊಂದರ ಮೇಲೆ ವರ್ಷವಿಡೀ ಮಳೆ. ಎರಡೂ ಆಯಾ ಕಾಲದ ಜನ ತಮಗೆ ಗೊತ್ತಿದ್ದ ಅತ್ಯುತ್ತಮ ಕೈಚಳಕದಿಂದ ಮಾಡಿದ್ದು. ಹಳೆಯದಾದ ಮೇಲೆ ಮಾತ್ರ ಕಾಪಾಡುತ್ತೇವೆ ಅಂದರೆ, ಹಳೆಯದಾಗುವವರೆಗೆ ಅದು ಉಳಿಯಬೇಕಲ್ಲ.

ಮಂಗಳವಾರ, ಮಂಜು

ಹೋಟೆಲಿನವರು ಗೊತ್ತು ಮಾಡಿಕೊಟ್ಟ ಟ್ಯಾಕ್ಸಿ. ಓಡಿಸುವವರಿಗೆ ಅರವತ್ತರ ಹತ್ತಿರ ವಯಸ್ಸು. ಕೆಲವು ವರ್ಷ ಜರ್ಮನಿಯಲ್ಲಿ ದುಡಿದಿದ್ದರಂತೆ, ಅಕ್ಕನ ಜೊತೆ ಜರ್ಮನ್‌ನಲ್ಲಿ ಆರಾಮಾಗಿ ಮಾತಾಡಿದರು. ಅಕ್ಕ ನನಗೆ ಕನ್ನಡದಲ್ಲಿ ಹೇಳುತ್ತಾ ಬಂದಳು.

ಕ್ರಾನ್ ದಾಟಿ ರಸ್ತೆ ಕಾಡಿನೊಳಗೆ ಹತ್ತಿತು. ಬೀಚ್ ಮರಗಳು, ತಿರುವು ಮೇಲೆ ತಿರುವು. ಅರ್ಧ ದಾರಿಗೆ ಮಂಜು ಇಳಿಯಿತು. "ಇವತ್ತು ಕಾಣಲ್ಲ" ಅಂದರು ಚಾಲಕರು. ಆದರೂ ಹೋಗೋಣ ಅಂದೆವು.

ಶಿಖರದ ಕೆಳಗೆ ಪಂಜು ಹಿಡಿದ ಎರಡು ಭಾರೀ ಮುಷ್ಟಿಗಳ ಶಿಲ್ಪ ಇದೆ. ಅದು ಮಂಜಿನಲ್ಲಿ ಅರ್ಧ ಕಂಡಿತು. ಅಲ್ಲಿಂದ ಮುಂದೆ ಏನೂ ಇಲ್ಲ, ಬರೀ ಬಿಳಿ. ಗಾಳಿ ಎಷ್ಟು ಜೋರು ಅಂದರೆ ಕಾರಿನ ಬಾಗಿಲು ತೆರೆಯಲು ಎರಡು ಕೈ ಬೇಕಾಯಿತು. ಸೆಪ್ಟೆಂಬರಿಗೇ ಹೀಗಿದ್ದರೆ ಜನವರಿಯಲ್ಲಿ ಹೇಗಿರಬೇಕು! ಕಟ್ಟುವಾಗಲೂ ವರ್ಷವಿಡೀ ಕೆಲಸ ಆಗುತ್ತಿರಲಿಲ್ಲವಂತೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಸಿಗುವ ಬಿಸಿಲಿನಲ್ಲೇ ಆದಷ್ಟು ಮಾಡಬೇಕಿತ್ತು.

ಕಾರಿನೊಳಗೇ ಕೂತು ಬೆಟ್ಟದ ಕಥೆ ಮಾತಾಡಿದೆವು. ಇಲ್ಲಿ ಯಾಕೆ ಕಟ್ಟಿದರು ಅನ್ನುವುದು ಗೊತ್ತಾಗದೆ ಈ ಕಟ್ಟಡ ಅರ್ಥ ಆಗುವುದಿಲ್ಲ.

1868ರಲ್ಲಿ ಒಟ್ಟೋಮನ್ ತುರ್ಕರ ಆಳ್ವಿಕೆಯ ವಿರುದ್ಧ ಎದ್ದ ಬಂಡುಕೋರ ಹಾಜಿ ದಿಮಿತರ್ ಮತ್ತು ಅವನ ಸಂಗಡಿಗರು ಕೊನೆಯ ಕಾಳಗ ಕಾದಿದ್ದು ಈ ಬೆಟ್ಟದ ಮೇಲೆ. 1891ರಲ್ಲಿ ದಿಮಿತರ್ ಬ್ಲಗೊಯೆವ್ ಮತ್ತು ಸಮಾಜವಾದಿಗಳ ಒಂದು ಸಣ್ಣ ಗುಂಪು ಗುಟ್ಟಾಗಿ ಇಲ್ಲಿ ಸೇರಿ ತಮ್ಮ ಪಕ್ಷಕ್ಕೆ ಬುನಾದಿ ಹಾಕಿದರು. ಮುಂದೆ ಕಮ್ಯುನಿಸ್ಟ್ ಪಕ್ಷವಾಗಿ ಬೆಳೆದದ್ದು ಅದೇ. 1944ರಲ್ಲಿ ಇದೇ ಜಾಗದಲ್ಲಿ ಗೆರಿಲ್ಲಾಗಳ ಕಾದಾಟ ನಡೆಯಿತು. ದೇಶದ ಸ್ವಾತಂತ್ರ್ಯದ ಕಥೆಯನ್ನೂ ತನ್ನ ಕಥೆಯನ್ನೂ ಒಂದೇ ದಾರದಲ್ಲಿ ಪೋಣಿಸಲು ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ವಿನ್ಯಾಸ ಗೆಯೋರ್ಗಿ ಸ್ತೊಯಿಲೊವ್ ಅವರದ್ದು. 1967ರಿಂದ 1971ರವರೆಗೆ ಸೋಫಿಯಾದ ಮೇಯರ್ ಆಗಿದ್ದವರು. ಕೆಲಸ ಶುರುವಾಗಿದ್ದು 1974ರ ಜನವರಿಯಲ್ಲಿ. ಮೊದಲು ಮಾಡಿದ್ದೇ ಸಿಡಿಮದ್ದಿಟ್ಟು ಶಿಖರದ ತಲೆ ತೆಗೆದದ್ದು. 1,441 ಮೀಟರ್ ಇದ್ದದ್ದು 1,432 ಆಯಿತು. ಬಂಡೆಯನ್ನು ಚಪ್ಪಟೆ ಮಾಡಿ, ಅದರ ಮೇಲೆ ಸುಮಾರು 60 ಮೀಟರ್ ಅಗಲದ ಕಾಂಕ್ರೀಟ್ ತಟ್ಟೆ, ಅದರ ಹಿಂದೆ 70 ಮೀಟರ್ ಎತ್ತರದ ಗೋಪುರ. ಸೇನೆಯ ನಿರ್ಮಾಣ ದಳ, ಎಂಜಿನಿಯರುಗಳು, ಕಲಾವಿದರು ಸೇರಿ 6,000ಕ್ಕೂ ಜಾಸ್ತಿ ಜನ ದುಡಿದರು. ಸುಮಾರು 70,000 ಟನ್ ಕಾಂಕ್ರೀಟ್, 3,000 ಟನ್ ಉಕ್ಕು. ಇಷ್ಟನ್ನೂ ಈ ತಿರುವಿನ ರಸ್ತೆಯಲ್ಲಿ, ಈ ಗಾಳಿಯಲ್ಲಿ ಹತ್ತಿಸಿದ್ದಾರೆ. ನನಗೆ ಇದನ್ನು ನೆನೆದರೆ ಕೈಮುಗಿಯಬೇಕು ಅನ್ನಿಸುತ್ತದೆ. ಒಂದು ಮಹಡಿ ಹತ್ತಿರದ ಬೀದಿಯಲ್ಲಿ ಎಬ್ಬಿಸುವುದೇ ಎಷ್ಟು ಕಷ್ಟ ಅಂತ ಗೊತ್ತಿರುವವರಿಗೆ ಇದರ ತೂಕ ತಿಳಿಯುತ್ತದೆ.

ಖರ್ಚು 1 ಕೋಟಿ 41 ಲಕ್ಷ 86 ಸಾವಿರ ಲೆವಾ. ದುಡ್ಡು ಬಂದಿದ್ದು ಜನರಿಂದ, ದೇಣಿಗೆ ಅನ್ನುವ ಹೆಸರಿನಲ್ಲಿ. ಚಾಲಕರು ಅದನ್ನು ನೆನೆಸಿಕೊಂಡರು. "ಶಾಲೆಯಲ್ಲಿ ಸಣ್ಣ ಸ್ಟಾಂಪು ಕೊಟ್ಟು ದುಡ್ಡು ತಗೊಳ್ತಿದ್ದರು. ಬೇಡ ಅನ್ನೋ ಹಾಗಿರಲಿಲ್ಲ. ಅಮ್ಮ ಫ್ಯಾಕ್ಟರಿಯಲ್ಲಿ ಕೊಟ್ಟಳು, ನಾನು ಶಾಲೆಯಲ್ಲಿ ಕೊಟ್ಟೆ." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅಂದರೆ ಅದು ನಮ್ಮದೇ ಅಲ್ವಾ?" ಅಂದರು.

ಮಧ್ಯಾಹ್ನ ಕೆಳಗಿಳಿದು ಶಿಪ್ಕಾ ಊರಿನ ಚರ್ಚ್ ನೋಡಿದೆವು. ರಷ್ಯಾ ತುರ್ಕಿ ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು, 1902ರದ್ದು. ಚಿನ್ನದ ಗುಮ್ಮಟಗಳು ಫಳಫಳ ಹೊಳೆಯುತ್ತಿದ್ದವು. ಚೆನ್ನಾಗಿ ನೋಡಿಕೊಂಡಿದ್ದಾರೆ.

ಬುಧವಾರ, ಬುಜ್ಲುಜಾ

ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇತ್ತು. ಅದೇ ಚಾಲಕರು ಫೋನ್ ಮಾಡಿ "ಇವತ್ತು ಬನ್ನಿ" ಅಂದರು.

ಕೊನೆಯ ತಿರುವಿನಲ್ಲಿ ಅದು ಒಮ್ಮೆಲೇ ಎದುರಿಗೆ ಬಂತು. ಫೋಟೋದಲ್ಲಿ ಗಾತ್ರ ಗೊತ್ತಾಗುವುದಿಲ್ಲ. ಇಲ್ಲಿ ನಿಂತರೆ ಕುತ್ತಿಗೆ ಎತ್ತಬೇಕು. ಜನ ಇದನ್ನು ಹಾರುವ ತಟ್ಟೆ ಅಂತಾರೆ. ಹೌದು, ಇಡೀ ತಟ್ಟೆ ಬುಡದ ಒಂದು ಸಣ್ಣ ಭಾಗದ ಮೇಲೆ ಕೂತು ಸುತ್ತಲೂ ಹೊರಗೆ ಚಾಚಿಕೊಂಡಿದೆ. ಅಂಚಿನ ಕೆಳಗೆ ನಿಂತು ಮೇಲೆ ನೋಡಿದೆ. ಅಷ್ಟು ದೊಡ್ಡ ಭಾರವನ್ನು ಕಂಬವಿಲ್ಲದೆ ಹೊರಗೆ ತಂದಿರುವ ಧೈರ್ಯ! ಸೆಂಟ್ರಿಂಗ್ ಹಲಗೆಯ ಗುರುತು ಕಾಂಕ್ರೀಟಿನ ಮೇಲೆ ಇನ್ನೂ ಅಚ್ಚಾಗಿ ಉಳಿದಿದೆ. ಹಲಗೆ ಹಲಗೆಯ ನಡುವಿನ ಗೆರೆ, ಮರದ ಗಂಟಿನ ಸುತ್ತಿನ ಗುರುತು ಎಲ್ಲ ಕಾಣುತ್ತದೆ. ಬೆರಳಿಟ್ಟು ಸವರಿದೆ. ಮಾಲು ಗಟ್ಟಿಯಾಗಿದೆ, ಕೈಗೆ ಪುಡಿ ಬರಲಿಲ್ಲ.

ಹಾಳಾಗಿರುವುದು ತೆಳುವಾಗಿದ್ದ ಕಡೆ. ಮುಂದಿನ ಗೋಡೆಯ ಮೇಲೆ, ಬಾಗಿಲಿನ ಎರಡೂ ಬದಿಗೆ, ಆಳೆತ್ತರದ ಅಕ್ಷರಗಳಲ್ಲಿ ಶ್ರಮಿಕರನ್ನು ಎಬ್ಬಿಸುವ ಸಾಲುಗಳಿದ್ದವು. ಎಷ್ಟೋ ಅಕ್ಷರ ಬಿದ್ದುಹೋಗಿವೆ. ಬಿದ್ದ ಜಾಗದಲ್ಲಿ ಗೋಡೆಯಿಂದ ಎರಡು ಮೂರು ಕಂಬಿ ತುದಿ ಹೊರಗೆ ಚಾಚಿವೆ. ಅದರ ಬುಡದಿಂದ ತುಕ್ಕಿನ ನೀರು ಇಳಿದು ಗೋಡೆಯ ಮೇಲೆ ಕಂದು ಗೆರೆ. ಇನ್ನೂ ಉಳಿದ ಒಂದು ಅಕ್ಷರದ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಒಳಗಿನ ಕಂಬಿ ಹೋದ ದಾರಿಯಲ್ಲೇ. ನೀರು ಒಳಗೆ ಹೋದರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ. ಉಬ್ಬಿದರೆ ಮೇಲಿನ ಕಾಂಕ್ರೀಟನ್ನು ಒಳಗಿನಿಂದಲೇ ದೂಡುತ್ತದೆ. ಇಲ್ಲಿ ಇದರ ಜೊತೆಗೆ ಚಳಿಗಾಲ ಬೇರೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ, ಸಣ್ಣ ಬಿರುಕು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಅಗಲ ಆಗುತ್ತಾ ಹೋಗುತ್ತದೆ. ನಮ್ಮೂರಲ್ಲಿ ನಾವು ನೋಡುವುದು ಇದರ ಮೊದಲ ಅರ್ಧ ಮಾತ್ರ.

ಬಾಗಿಲಿಗೆ ಕಬ್ಬಿಣದ ಅಡ್ಡ. ಒಳಗೆ ಬಿಡುವುದಿಲ್ಲ. ಕಾವಲಿನವರು ಬಂದು ಕೈಯಲ್ಲೇ ಅಲ್ಲಿಂದ ಹಿಂದೆ ನಿಲ್ಲಿ ಅಂತ ತೋರಿಸಿದರು. 2018ರಿಂದ ಇಲ್ಲಿ ಹಗಲೂ ರಾತ್ರಿ ಕಾವಲಿದೆ. ಒಳಗೆ ಹೋಗಲಾಗಲಿಲ್ಲ ಅಂತ ಬೇಜಾರಾಗಲಿಲ್ಲ, ನಿಜವಾಗಲೂ ಸಮಾಧಾನವೇ ಆಯಿತು. ಈ ಕಾವಲು 25 ವರ್ಷ ಮೊದಲೇ ಇದ್ದಿದ್ದರೆ!

ಒಳಗಿನದ್ದು ನನಗೆ ನಕ್ಷೆ, ಫೋಟೋಗಳಿಂದ ಬಾಯಿಪಾಠ ಆಗಿದೆ. ಅಕ್ಕನಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದೆ. ಬಾಗಿಲು ದಾಟಿ ಮೆಟ್ಟಿಲು ಹತ್ತಿದರೆ ದುಂಡನೆಯ ಸಭಾಂಗಣ, 42 ಮೀಟರ್ ಅಗಲ, ನಡುವೆ ಒಂದೂ ಕಂಬ ಇಲ್ಲ. ಮೇಲೆ ಚಾವಣಿಯ ಮಧ್ಯೆ ದೊಡ್ಡ ವೃತ್ತದಲ್ಲಿ ಸುತ್ತಿಗೆ ಕುಡುಗೋಲು, ಅದರ ಸುತ್ತ "ಜಗತ್ತಿನ ಕಾರ್ಮಿಕರೇ ಒಂದಾಗಿ" ಅನ್ನುವ ಸಾಲು. ಸುತ್ತಲಿನ ಗೋಡೆಯ ಮೇಲೆ ಪೂರ್ತಿ ಮೊಸಾಯಿಕ್. ಹೋರಾಟ, ದುಡಿಮೆ, ಜನಜೀವನ. ಒಂದು ಕಡೆ ಮಾರ್ಕ್ಸ್, ಎಂಗೆಲ್ಸ್, ಲೆನಿನ್. ಇನ್ನೊಂದು ಕಡೆ ಬ್ಲಗೊಯೆವ್, ದಿಮಿತ್ರೊವ್, ಜಿವ್ಕೊವ್. ಸಭಾಂಗಣದ ಹೊರಗೆ ಸುತ್ತಲೂ ಓಡಾಡುವ ಗ್ಯಾಲರಿ. ಅದರ ಕಿಟಕಿಗಳಿಂದ ಇಡೀ ಕಣಿವೆ ಕಾಣುತ್ತದೆ. ಅಲ್ಲಿನ ಮೊಸಾಯಿಕ್‌ಗೆ ಗಾಜು ಬಳಸಿಲ್ಲ. ದೇಶದ ನದಿಗಳಿಂದ ಆರಿಸಿ ತಂದ ಕಲ್ಲುಗಳು. ನನಗೆ ಅತಿ ಇಷ್ಟವಾದ ಸಂಗತಿ ಇದೇ. ಒಳಗೆ ಪಕ್ಷದ ಕಥೆಗೆ ಬಣ್ಣದ ಗಾಜು, ಹೊರಗೆ ಬಯಲಿಗೆ ಮುಖ ಮಾಡಿದ ಕಡೆ ಆ ನೆಲದ್ದೇ ಕಲ್ಲು. ಎರಡೂ ಸೇರಿ ಸುಮಾರು 937 ಚದರ ಮೀಟರ್. 60ಕ್ಕೂ ಜಾಸ್ತಿ ಕಲಾವಿದರು 18 ತಿಂಗಳು ಕೂತು ಮಾಡಿದ್ದು. ಗಾಜೇ ಸುಮಾರು 35 ಟನ್.

1981ರ ಆಗಸ್ಟ್ 23ರಂದು ಉದ್ಘಾಟನೆ. ಆಮೇಲೆ ಎಂಟು ವರ್ಷ ಬಸ್ಸುಗಟ್ಟಲೆ ಜನ, ಸುಮಾರು 20 ಲಕ್ಷ. ಫ್ಯಾಕ್ಟರಿಯವರು, ಶಾಲೆ ಮಕ್ಕಳು, ಹೊರದೇಶದ ಅತಿಥಿಗಳು. ನಮ್ಮ ಚಾಲಕರೂ ಆಗ ಬಂದಿದ್ದರು. ಏನು ನೆನಪಿದೆ ಅಂತ ಅಕ್ಕ ಕೇಳಿದ್ದಕ್ಕೆ "ಬೆಚ್ಚಗಿತ್ತು" ಅಂದರು. ಹೊರಗೆ ಕೊರೆಯುವ ಗಾಳಿ, ಒಳಗೆ ಬೆಚ್ಚಗೆ, ಗೋಡೆ ತುಂಬಾ ಬಣ್ಣ ಹೊಳೆಯುತ್ತಿತ್ತು. ಮೇಷ್ಟ್ರು ಹೇಳಿದ್ದು ಒಂದೂ ನೆನಪಿಲ್ಲವಂತೆ.

ಇಳಿತ ಶುರುವಾದ ಬಗೆ ಹೇಳಿದರೆ ಯಾರಿಗೂ ಆಶ್ಚರ್ಯ ಆಗಲಿಕ್ಕಿಲ್ಲ. 1989ರ ನವೆಂಬರ್ 10ರಂದು ಜಿವ್ಕೊವ್ ಅಧಿಕಾರ ಬಿಟ್ಟರು. ಪಕ್ಷದ ಆಸ್ತಿ ಸರ್ಕಾರಕ್ಕೆ ಹೋಯಿತು. ಸರ್ಕಾರಕ್ಕೆ ಇದು ಬೇಡ, ಹೆಸರು ಬದಲಿಸಿಕೊಂಡ ಪಕ್ಷಕ್ಕೆ ನೋಡಿಕೊಳ್ಳುವ ಶಕ್ತಿ ಇಲ್ಲ. ಯಾರದ್ದು ಅನ್ನುವ ಎಳೆದಾಟ ವರ್ಷಗಟ್ಟಲೆ ನಡೆಯಿತು. ಆ 1990ರ ದಶಕದಲ್ಲೇ ಕಾವಲು ತೆಗೆದರು. ಕಾವಲು ಹೋದದ್ದೇ ತಡ, ಸೂರಿನ ತಾಮ್ರದ ತಗಡು ಹೋಯಿತು. ಗಾಜು, ಅಮೃತಶಿಲೆ, ತಂತಿ, ಪೈಪು, ಕುರ್ಚಿ, ಕಿತ್ತು ಮಾರಬಹುದಾದ್ದೆಲ್ಲ ಹೋಯಿತು. ಗೋಪುರದ ಎರಡು ಬದಿಗೆ 12 ಮೀಟರ್ ಉದ್ದದ ಕೆಂಪು ಗಾಜಿನ ನಕ್ಷತ್ರಗಳಿದ್ದವು. ಒಳಗಿನಿಂದ ದೀಪ ಹಚ್ಚಿದರೆ ದೂರ ದೂರಕ್ಕೆ ಕಾಣುತ್ತಿದ್ದವು. ಅದು ನಿಜವಾದ ಮಾಣಿಕ್ಯ ಅಂತ ಸುದ್ದಿ ಹಬ್ಬಿ ಅದನ್ನೂ ಒಡೆದರು. ಮೊಸಾಯಿಕ್‌ನಲ್ಲಿ ಜಿವ್ಕೊವ್ ಮುಖವನ್ನು ಯಾರೋ ಕೆತ್ತಿ ತೆಗೆದರು. ಬಾಗಿಲ ಮೇಲೆ "ನಿಮ್ಮ ಹಿಂದಿನದ್ದನ್ನು ಮರೆಯಿರಿ" ಅಂತ ಇಂಗ್ಲಿಷಿನಲ್ಲಿ ಕೆಂಪು ಬಣ್ಣದಲ್ಲಿ ಬರೆದರು.

ಬಡತನದ ಕಾಲ ಅದು. ಬ್ಯಾಂಕುಗಳು ಮುಳುಗಿ, ಹಣದುಬ್ಬರ ಏರಿ, ಜನ ದೇಶ ಬಿಟ್ಟು ಹೋಗುತ್ತಿದ್ದ ಕಾಲ. ತಾಮ್ರ ಕಿತ್ತವರನ್ನು ನಾನು ಬೈಯಲಾರೆ. ಆದರೆ ಕಟ್ಟಡದ ಲೆಕ್ಕದಲ್ಲಿ ಹೇಳುವುದಾದರೆ ಕಿತ್ತ ಬೇರೆಲ್ಲದಕ್ಕಿಂತ ಆ ತಗಡಿನ ಏಟೇ ದೊಡ್ಡದು. ಕುರ್ಚಿ ಹೋದರೆ ಕುರ್ಚಿ ಮಾತ್ರ ಹೋಗುತ್ತದೆ. ಸೂರು ಹೋದರೆ ಕೆಳಗಿನದ್ದೆಲ್ಲ ಒಂದೊಂದಾಗಿ ಹೋಗುತ್ತದೆ. ಗಾಜಿನ ಚೂರಿಗೆ ಮಳೆಯಿಂದ ಏನೂ ಆಗುವುದಿಲ್ಲ. ಅದನ್ನು ಹಿಡಿದುಕೊಂಡ ಗಾರೆ ನೆನೆದು, ಹೆಪ್ಪುಗಟ್ಟಿ, ಸಡಿಲ ಆಗುತ್ತದೆ. ಮೊದಲು ಅಂಚಿನ ಒಂದು ಚೂರು ಬೀಳುತ್ತದೆ. ಆ ಸಂದಿನಿಂದ ನೀರು ಹಿಂದಕ್ಕೆ ಹೋಗುತ್ತದೆ. ಆಮೇಲೆ ಅಂಗೈ ಅಗಲ, ಆಮೇಲೆ ಬಾಗಿಲಿನ ಅಗಲ ಕಳಚಿ ಬೀಳುತ್ತದೆ. ಹೊರ ಗ್ಯಾಲರಿಯ ನದಿ ಕಲ್ಲಿನ ಚಿತ್ರಗಳು ಬಹುಪಾಲು ಹೀಗೇ ಹೋಗಿವೆ.

ಕೈಚೆಲ್ಲದೆ ಇದರ ಹಿಂದೆ ಬಿದ್ದವರೂ ಇದ್ದಾರೆ. ದೊರಾ ಇವಾನೊವಾ ಅನ್ನುವ ಬಲ್ಗೇರಿಯಾದ ವಾಸ್ತುಶಿಲ್ಪಿ ವಿದ್ಯಾರ್ಥಿನಿಯಾಗಿದ್ದಾಗಲೇ ಇದರ ಬಗ್ಗೆ ಕೆಲಸ ಶುರು ಮಾಡಿ ಬುಜ್ಲುಜಾ ಪ್ರಾಜೆಕ್ಟ್ ಫೌಂಡೇಶನ್ ಕಟ್ಟಿದರು. 2018ರಲ್ಲಿ ಯುರೋಪಾ ನೊಸ್ಟ್ರಾ ಸಂಸ್ಥೆ ಯುರೋಪಿನಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವ 7 ಪರಂಪರೆ ತಾಣಗಳ ಪಟ್ಟಿಗೆ ಇದನ್ನು ಸೇರಿಸಿತು. 2019ರಲ್ಲಿ ಅಮೆರಿಕದ ಗೆಟ್ಟಿ ಫೌಂಡೇಶನ್ ಸಂರಕ್ಷಣಾ ಯೋಜನೆ ತಯಾರಿಸಲು 1,85,000 ಡಾಲರ್ ಕೊಟ್ಟಿತು. ಮರುವರ್ಷ ಮೊಸಾಯಿಕ್ ತುರ್ತು ರಕ್ಷಣೆಗೆ ಇನ್ನೂ 60,000 ಡಾಲರ್. ಬೇರೆ ಬೇರೆ ದೇಶಗಳ ತಜ್ಞರು ಬಂದು, ಬೀಳಲಿದ್ದ ಮೊಸಾಯಿಕ್ ಅಂಚುಗಳನ್ನು ಗಟ್ಟಿ ಮಾಡಿ ಹೋದರು. ಆ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಫೋಟೋದಲ್ಲಿ ಬರುವುದೂ ಇಲ್ಲ. ಆದರೆ ಈಗ ಗೋಡೆಯ ಮೇಲೆ ಉಳಿದಿರುವುದಕ್ಕೆ ದೊಡ್ಡ ಆಸರೆ ಅದೇ. ಸ್ತೊಯಿಲೊವ್ ಅವರು ಇದಿಷ್ಟನ್ನು ನೋಡಿಯೇ 2022ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದನ್ನು ಉಳಿಸಬೇಕಾ ಅಂತ ಆ ದೇಶದಲ್ಲಿ ಎಲ್ಲರೂ ಒಪ್ಪುವುದಿಲ್ಲ. ಆ ಆಡಳಿತದಲ್ಲಿ ಜೈಲು, ಶಿಬಿರ ಕಂಡ ಮನೆಗಳಿವೆ. ಅವರಿಗೆ ಈ ಗೋಡೆಯ ಚಿತ್ರ ನೋಡಿದರೆ ಹೊಟ್ಟೆ ಉರಿಯುವುದು ಸಹಜ, ಅದನ್ನು ನಾವು ಹೊರಗಿನವರು ಹಗುರ ಮಾಡಬಾರದು. ಆದರೂ ನನ್ನ ಅನಿಸಿಕೆ ಹೇಳುತ್ತೇನೆ. ಇದನ್ನು ಕಾಪಾಡಿದರೆ ಪಕ್ಷವನ್ನು ಹೊಗಳಿದಂತೆ ಆಗುವುದಿಲ್ಲ. ಸ್ಟಾಂಪಿಗೆ ದುಡ್ಡು ಕೊಟ್ಟವರು, ಗಾಳಿಯಲ್ಲಿ ನಿಂತು ಕಾಂಕ್ರೀಟ್ ಹಾಕಿದ ಸಿಪಾಯಿಗಳು, ಚೂರು ಚೂರಾಗಿ ಗಾಜು ಜೋಡಿಸಿದವರು ಯಾರೂ ಪಕ್ಷದ ಹೆಸರಲ್ಲಿ ಕರಗಿಹೋಗಬಾರದು. ಆ ಕಾಲದ ದಬ್ಬಾಳಿಕೆಯ ಕಥೆಯನ್ನೂ ಈ ಗೋಡೆಗಳ ಎದುರಿಗೇ ನಿಲ್ಲಿಸಿ ಹೇಳಲಿ. ಖಾಲಿ ಜಾಗದಲ್ಲಿ ನಿಂತು ಹೇಳಿದರೆ ಮಕ್ಕಳಿಗೆ ಏನು ತಿಳಿಯುತ್ತದೆ? ಸೋಫಿಯಾದಲ್ಲಿ ದಿಮಿತ್ರೊವ್ ಸಮಾಧಿ ಇದ್ದ ಜಾಗ ನೋಡಿದಾಗ ನನಗೆ ಅನ್ನಿಸಿದ್ದು ಅದೇ.

ಮಧ್ಯಾಹ್ನದವರೆಗೂ ಅಲ್ಲೇ ಇದ್ದೆವು. ಜನ ಬರುತ್ತಲೇ ಇದ್ದರು. ಪೋಲೆಂಡಿನ ಬೈಕಿನವರು, ಮಕ್ಕಳನ್ನು ಕರೆದುಕೊಂಡು ಬಂದ ಊರಿನವರು, ಸ್ಕೆಚ್ ಪುಸ್ತಕ ಹಿಡಿದು ಕೂತ ಹುಡುಗರು. ಒಬ್ಬ ಅಜ್ಜಿ ಬಾಗಿಲಿನ ಹತ್ತಿರ ನಿಂತು ಮೊಮ್ಮಗನಿಗೆ ಮೇಲೆ ಬೆರಳು ತೋರಿಸಿ ಏನೋ ಹೇಳುತ್ತಿದ್ದರು.

ಇಳಿಯುವಾಗ ಅಕ್ಕ ಕೇಳಿದಳು, "ನಿಜ ಹೇಳೇ, ಇದನ್ನ ಸರಿ ಮಾಡೋಕೆ ಆಗುತ್ತಾ?"

"ಆಗುತ್ತೆ ಅಕ್ಕಾ" ಅಂದೆ. "ಬುಡ ಗಟ್ಟಿಯಾಗಿದೆ. ಮೊದಲು ಸೂರು. ತಾಮ್ರದ್ದೇ ಆಗಬೇಕು ಅಂತಿಲ್ಲ. ಹಗುರಾದ ಹೊದಿಕೆ ಹಾಕಿದರೂ ಸಾಕು, ನೀರು ನಿಲ್ಲಬೇಕು. ಆಮೇಲೆ ಒಳಗೆ ನಿಂತ ನೀರು ಹೊರಗೆ ಹೋಗೋಕೆ ದಾರಿ. ಎರಡು ಬೇಸಿಗೆ ಒಣಗೋಕೆ ಬಿಡಬೇಕು. ಗೋಡೆ ಒಣಗಿದ ಮೇಲೆ ಮೊಸಾಯಿಕ್. ಕಂಬಿ ಕಂಡ ಕಡೆ ತುಕ್ಕು ಉಜ್ಜಿ ತೆಗೆದು ಹೊಸ ಮಾಲು ಹಾಕೋದು ಕೊನೆಗೆ. ದೀಪ, ನಕ್ಷತ್ರ, ಕುರ್ಚಿ ಇವೆಲ್ಲ ಇನ್ನು ಹತ್ತು ವರ್ಷ ತಡ ಆದರೂ ಪರವಾಗಿಲ್ಲ."

ನಾವು ಏನು ಮಾತಾಡಿಕೊಳ್ಳುತ್ತಿದ್ದೇವೆ ಅಂತ ಚಾಲಕರು ಕೇಳಿದರು. ಅಕ್ಕ ಪೂರ್ತಿ ಜರ್ಮನ್‌ನಲ್ಲಿ ಹೇಳಿದಳು. ಅವರು ಒಂದು ತಿರುವು ದಾಟುವವರೆಗೆ ಸುಮ್ಮನಿದ್ದು, "ಹಾಗಾದರೆ ಮೇ ತಿಂಗಳಲ್ಲಿ ಶುರು ಮಾಡಬೇಕು. ಸೆಪ್ಟೆಂಬರ್ ದಾಟಿದರೆ ಈ ಬೆಟ್ಟದ ಮೇಲೆ ಯಾರೂ ಸೂರು ಹಾಕೋಕಾಗಲ್ಲ" ಅಂದರು.